ರಾಕ್ ಎಲ್‌ಪಿಗಳ ಹಳೆಯ ಪ್ರೆಸ್ಸಿಂಗ್, ಹೊಸ ರೀಇಶ್ಯೂ: ಕಿವಿಗೆ ಯಾವುದು ಮೇಲು?

ಬದಿಯಡ್ಕ (ಕಾಸರಗೋಡು)

ಹಳೆಯ ರಾಕ್ ಎಲ್‌ಪಿಗಳ (ವಿನೈಲ್ ಪ್ಲೇಟುಗಳ) ಮೂಲ ಪ್ರೆಸ್ಸಿಂಗ್, ಅಂದರೆ ಆ ಕಾಲದಲ್ಲೇ ಒತ್ತಿದ ಪ್ರತಿ, ಕೊಳ್ಳುವುದೋ, ಈಗ ಹೊಸದಾಗಿ ಬರುತ್ತಿರುವ 180 ಗ್ರಾಮಿನ ರೀಇಶ್ಯೂ, ಅಂದರೆ ಮರುಮುದ್ರಿತ ಪ್ರತಿ, ಕೊಳ್ಳುವುದೋ ಎಂಬ ಪ್ರಶ್ನೆ ನಮ್ಮ ಬಳಗದಲ್ಲಿ ಆಗಾಗ ಏಳುತ್ತದೆ. ಪ್ರತಿ ಸಲವೂ ಹಳೆಯದೇ ಚಿನ್ನ ಎಂಬ ಒಂದು ಮಾತಿನಲ್ಲಿ ಮುಗಿದೂ ಹೋಗುತ್ತದೆ. ಗಡಿನಾಡಿನಲ್ಲಿ ಕುಳಿತು ಈ ಸಂಗೀತವನ್ನು ಪ್ರೀತಿಯಿಂದ ಕೇಳುವವರು ನಾವು ಬೆರಳೆಣಿಕೆಯ ಮಂದಿ ಮಾತ್ರ ಇರುವುದರಿಂದ, ಈ ವಿಷಯವನ್ನು ಸ್ವಲ್ಪ ಬಿಡಿಸಿ ಚರ್ಚಿಸಿದರೆ ಎಲ್ಲರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಜಾಕೆಟ್ಟಿನ ಮೇಲಿರುವ ಇಸವಿಯನ್ನು ನೋಡಿ ಶಬ್ದವನ್ನು ತೂಗಲು ಬರುವುದಿಲ್ಲ. ಪ್ಲೇಟನ್ನು ಯಾರು ಕಟ್ ಮಾಡಿದರು (ಟೇಪಿನ ಶಬ್ದವನ್ನು ಗೆರೆಯಾಗಿ ಕೊರೆದರು), ಯಾವ ಟೇಪಿನಿಂದ ಮಾಡಿದರು, ನಮ್ಮ ಕೈಗೆ ಬಂದಿರುವ ಪ್ರತಿ ಇಂದು ಯಾವ ಸ್ಥಿತಿಯಲ್ಲಿದೆ ಎಂಬ ಮೂರು ಸಂಗತಿಗಳು ತಿಳಿದರೆ ಉತ್ತರದ ಬಹುಪಾಲು ಸಿಕ್ಕಿದಂತೆಯೇ. ಇದಕ್ಕೆ ಇನ್ನೊಂದು ಮಾತನ್ನೂ ಸೇರಿಸುತ್ತೇನೆ: ನಮ್ಮದೇ ದೇಶದ, ಕೋಲ್ಕತ್ತದ ಬಳಿಯ ಡಂಡಂ ಕಾರ್ಖಾನೆಯಲ್ಲಿ ಒತ್ತಿದ ಎಚ್‌ಎಂವಿ ಪ್ಲೇಟುಗಳನ್ನು ಈ ಹೋಲಿಕೆಯಿಂದ ಹೊರಗಿಡುವುದು ತೀರ ಅನ್ಯಾಯ.

ನಮ್ಮ ಕಡೆಯ ಅನೇಕ ಮನೆಗಳಂತೆ ನಮ್ಮ ಮನೆಗೂ ಎಲ್‌ಪಿಗಳು ಬಂದದ್ದು ಮುಂಬಯಿಯಿಂದ. ಹೋಟೆಲು ಕೆಲಸಕ್ಕೆ ಹೋಗಿದ್ದ ದೊಡ್ಡಪ್ಪ ಕಾಲಾಘೋಡಾದ ರಿದಮ್ ಹೌಸಿನಿಂದ ಕೊಂಡು ತಂದ, ಬ್ರಿಟನ್ನಿನ ಬೀಟಲ್ಸ್ ತಂಡದ ಪ್ಲೇಟುಗಳು ಈಗಲೂ ನನ್ನ ಬಳಿ ಇವೆ. ಅವುಗಳಲ್ಲಿ 1969ರ ‘ಅಬ್ಬೆ ರೋಡ್’ ಭಾರತದ ಪ್ರತಿ. ಹಾಡಿನ ಗೆರೆಗಳು ಮುಗಿದು ಲೇಬಲ್ಲು ಶುರುವಾಗುವ ನಡುವಿನ ಖಾಲಿ ಪಟ್ಟಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮೊದಲ ಬದಿಯಲ್ಲಿ ವೈಇಎಕ್ಸ್ 749 ಎಂಬ ಮ್ಯಾಟ್ರಿಕ್ಸ್ ಸಂಖ್ಯೆ (ಕಟ್ಟನ್ನು ಗುರುತಿಸುವ ಸಂಖ್ಯೆ) ಕಾಣುತ್ತದೆ. ಬ್ರಿಟನ್ನಿನ ಮೂಲ ಪ್ರತಿಯಲ್ಲಿರುವ ಸಂಖ್ಯೆಯೂ ಇದೇ. ಕಟ್ ಮಾಡುವ ಕೆಲಸ ಲಂಡನ್ನಿನಲ್ಲಿ ನಡೆದು, ಆ ಲೋಹದ ಅಚ್ಚು ಕೋಲ್ಕತ್ತಕ್ಕೆ ಬಂದು, ಇಲ್ಲಿ ಪ್ಲೇಟು ಒತ್ತಲಾಯಿತೆಂಬುದನ್ನು ಈ ಸಂಖ್ಯೆ ತಿಳಿಸುತ್ತದೆ. ಅದೇ ಕಾಲದ ಅಮೆರಿಕದ ಕ್ಯಾಪಿಟಲ್ ಕಂಪನಿಯನ್ನು ಇದರೊಡನೆ ಇಟ್ಟು ನೋಡಿ: ಬೀಟಲ್ಸರ 60ರ ದಶಕದ ಮೊದಲ ಭಾಗದ ಎಷ್ಟೋ ಹಾಡುಗಳಿಗೆ ಅವರು ನಕಲು ಟೇಪು ಬಳಸಿದರು, ಮೇಲಿಂದ ಪ್ರತಿಧ್ವನಿ ಸೇರಿಸಿದರು, ಒಂದೇ ಚಾನೆಲ್ಲಿನ ಮೋನೋ ಹಾಡನ್ನು ಎರಡಾಗಿ ಸೀಳಿ ಹುಸಿ ಸ್ಟೀರಿಯೋ ಮಾಡಿ ಡ್ಯುಯೊಫೋನಿಕ್ ಎಂಬ ಹೆಸರಿನಲ್ಲಿ ಮಾರಿದರು. ಅಮೆರಿಕದ ಮೊದಲ ಪ್ರೆಸ್ಸಿಂಗ್ ಎಂಬ ಹೆಮ್ಮೆಯಿಂದ ಹೆಚ್ಚು ಹಣ ತೆತ್ತವರಿಗಿಂತ ಡಂಡಂ ಪ್ಲೇಟು ಇಟ್ಟುಕೊಂಡವರು ಲಂಡನ್ನಿನ ಟೇಪಿಗೆ ಹತ್ತಿರ ಇದ್ದರು.

ಈ ಡಂಡಂ ಪ್ರತಿಯನ್ನು 2012ರ ರೀಇಶ್ಯೂ ಜೊತೆಗೂ 2019ರಲ್ಲಿ ಬಂದ ಗೈಲ್ಸ್ ಮಾರ್ಟಿನ್ ಅವರ ಹೊಸ ಮಿಕ್ಸ್ (ವಾದ್ಯಗಳ ಧ್ವನಿಯನ್ನು ಮತ್ತೆ ಬೆರೆಸಿದ ಆವೃತ್ತಿ) ಜೊತೆಗೂ ಹೋಲಿಸಿ ಕೇಳಿದ್ದೇನೆ. ಮೊದಲ ಬದಿಯ ಆರಂಭದ ಹಾಡಿನಲ್ಲಿ ಬೇಸ್ ಗಿಟಾರಿನ ಜಾರುವ ನಡೆಯ ಹಿಂದೆಯೇ ರಿಂಗೋ ಅವರ ಟಾಮ್ ಡ್ರಮ್ಮುಗಳು ಬರುತ್ತವೆ. ಡಂಡಂ ಪ್ರತಿಯಲ್ಲಿ ಆ ಡ್ರಮ್ಮಿನ ತೊಗಲಿನ ಸಡಿಲತೆ ಕಿವಿಗೆ ಸಿಗುತ್ತದೆ. ಪೆಟ್ಟು ಬಿದ್ದ ಮೇಲಿನ ಗುಂಯ್‌ಗುಡುವಿಕೆ ಸಹಜವಾಗಿ ಇಳಿದು ಹೋಗುತ್ತದೆ. 2012ರ ಪ್ರತಿ 2009ರ ಡಿಜಿಟಲ್ ಮಾಸ್ಟರಿನಿಂದ (ಪ್ರತಿಗಳಿಗೆ ಆಧಾರವಾಗುವ ಅಂತಿಮ ಮುದ್ರಣದಿಂದ) ಕಟ್ ಆದದ್ದು. ಅದರಲ್ಲಿ ಹಿನ್ನೆಲೆ ಬಹಳ ನಿಶ್ಶಬ್ದ, ಬೇಸ್ ಬಿಗಿ, ಆದರೆ ಅದೇ ಡ್ರಮ್ಮು ತುಸು ಚಪ್ಪಟೆಯಾಗಿ ಕೇಳುತ್ತದೆ. ಇನ್ನು ಆ ಬದಿಯ ಕೊನೆಯ ಹಾಡಿಗೆ ಬಂದರೆ ಲೆಕ್ಕ ತಿರುಗುತ್ತದೆ. ಏಳು ನಿಮಿಷ ಮೀರುವ ಆ ಹಾಡಿನ ಉತ್ತರಾರ್ಧದಲ್ಲಿ ಗಿಟಾರುಗಳು ಒಂದರ ಮೇಲೊಂದು ಪೇರಿಸಿಕೊಳ್ಳುತ್ತ, ಮೂಗ್ ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯದ ಗಾಳಿಯಂತಹ ಸದ್ದು ಏರುತ್ತ ಏರುತ್ತ, ಹಾಡು ಥಟ್ಟನೆ ಕಡಿದುಹೋಗುತ್ತದೆ. ನನ್ನ ಡಂಡಂ ಪ್ರತಿಯಲ್ಲಿ ಅಲ್ಲಿ ಗಿಟಾರಿನ ಎಳೆಗಳು ಕಲಸಿ, ಗಾಳಿಯ ಸದ್ದಿಗೆ ವಿನೈಲಿನದೇ ಸರಬರ ಸೇರಿ, ಯಾವುದು ಹಾಡು ಯಾವುದು ಪ್ಲೇಟಿನ ಗಲಾಟೆ ಎಂದು ಬೇರ್ಪಡಿಸುವುದು ಕಷ್ಟ. 2012ರ ಪ್ರತಿ ಅಲ್ಲಿ ನಿಸ್ಸಂಶಯವಾಗಿ ಮೇಲು. ಒಂದೇ ಪ್ಲೇಟಿನ ಒಂದೇ ಬದಿಯಲ್ಲಿ ಎರಡು ಬೇರೆ ಬೇರೆ ತೀರ್ಪು ಬರುತ್ತದೆ ಎಂದಾದರೆ ಹಳೆಯದು, ಹೊಸದು ಎಂಬ ವಿಭಾಗಕ್ಕೆ ಎಷ್ಟು ಬೆಲೆ ಕೊಡಬೇಕು? ನಿಮ್ಮೆಲ್ಲರ ಅನುಭವವನ್ನು ತಿಳಿಯಬಯಸುತ್ತೇನೆ.

ಸೊಲ್ಲಾಪುರ

ಮೇಲಿನ ಬರಹವನ್ನು ಓದಿ ಸಂತೋಷವಾಯಿತು. ಡಂಡಂ ಪ್ಲೇಟುಗಳ ವಿಷಯದಲ್ಲಿ ಪೂರ್ತಿ ಒಪ್ಪಿಗೆ ಇದೆ. ಆದರೆ ಮೂಲ ಪ್ರೆಸ್ಸಿಂಗಿನ ಪರವಾಗಿ ಇರುವ ಬಲವಾದ ವಾದ ಬರೀ ಅಭಿಮಾನದ್ದಲ್ಲ, ಟೇಪಿನ ವಯಸ್ಸಿನದು. ಅಯಸ್ಕಾಂತದ ಟೇಪು ಕಾಲಕ್ಕೆ ಸವೆಯುವ ವಸ್ತು. ಪ್ರತಿ ಸಲ ಓಡಿಸಿದಾಗಲೂ ಮೇಲಿನ ಲೇಪ ಅಣುವಷ್ಟಾದರೂ ಕಳೆದುಕೊಳ್ಳುತ್ತದೆ, ತಾರದ ಸ್ವರಗಳು ಮೊದಲು ಮಂಕಾಗುತ್ತವೆ. ಫ್ಲೀಟ್‌ವುಡ್ ಮ್ಯಾಕ್ ತಂಡದ 1977ರ ‘ರೂಮರ್ಸ್’ ತಯಾರಾಗುವಾಗಲೇ ಮಲ್ಟಿಟ್ರ್ಯಾಕ್ ಟೇಪು (ವಾದ್ಯಗಳನ್ನು ಬೇರೆ ಬೇರೆಯಾಗಿ ಮುದ್ರಿಸಿದ ಟೇಪು) ಅತಿಯಾಗಿ ಓಡಿ ಡ್ರಮ್ಮಿನ ಹೊಳಪು ಹೋಗಿತ್ತೆಂಬುದೂ, ಮೊದಲೇ ತೆಗೆದಿಟ್ಟಿದ್ದ ಇನ್ನೊಂದು ಪ್ರತಿಯನ್ನು ಕಷ್ಟಪಟ್ಟು ಹೊಂದಿಸಿ ಕೆಲಸ ಉಳಿಸಿಕೊಂಡರೆಂಬುದೂ ಪ್ರಸಿದ್ಧ ಸಂಗತಿ. ಧ್ವನಿಮುದ್ರಣದ ತಿಂಗಳುಗಳಲ್ಲೇ ಹೀಗಾಗುವುದಾದರೆ ದಶಕಗಳ ನಂತರ ಏನಾಗಬೇಡ? 70ರ ದಶಕದ ನಡುವಿನಿಂದ ಬಂದ ಕೆಲವು ಟೇಪುಗಳಲ್ಲಿ, ಮುಖ್ಯವಾಗಿ ಆಂಪೆಕ್ಸ್ 456ರಂತಹವುಗಳಲ್ಲಿ, ಲೇಪವನ್ನು ಹಿಡಿದಿಡುವ ಅಂಟು ಗಾಳಿಯ ತೇವವನ್ನು ಹೀರಿ ಜಿಗುಟಾಗುತ್ತದೆ. ಅಂತಹ ಟೇಪನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸಿದ ಮೇಲೆಯೇ ಓಡಿಸಬೇಕು. ಕೆಲವಂತೂ ಉಳಿದೇ ಇಲ್ಲ: 2008ರ ಜೂನ್ 1ರಂದು ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದ ಆವರಣದಲ್ಲಿ ಎದ್ದ ಬೆಂಕಿಯಲ್ಲಿ ಮಾಸ್ಟರ್ ಟೇಪುಗಳ ಭಂಡಾರ ಸುಟ್ಟಿತು, ಅದರ ವ್ಯಾಪ್ತಿ ಹೊರಗೆ ತಿಳಿದದ್ದು 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆದಾಗ.

ಟೇಪು ಹೊಸದಾಗಿದ್ದಾಗ, ಸಂಗೀತಗಾರರೂ ಎಂಜಿನಿಯರರೂ ಬದುಕಿದ್ದು ಒಪ್ಪಿಗೆ ಕೊಟ್ಟಾಗ ಕಟ್ ಆದ ಪ್ಲೇಟಿಗೆ ಇರುವ ಅಧಿಕಾರವನ್ನು ಯಾವ ರೀಇಶ್ಯೂ ತಾನೇ ಪಡೆಯಬಲ್ಲುದು? ಲೆಡ್ ಝೆಪ್ಲಿನ್ ತಂಡದ ಎರಡನೆಯ ಎಲ್‌ಪಿಯನ್ನು 1969ರಲ್ಲಿ ರಾಬರ್ಟ್ ಲುಡ್ವಿಗ್ ಕಟ್ ಮಾಡಿದರು. ಖಾಲಿ ಪಟ್ಟಿಯಲ್ಲಿ ಆರ್‌ಎಲ್ ಎಂಬ ಅವರ ಹೆಸರಿನ ಮೊದಲಕ್ಷರಗಳೂ ಕಟ್ ನಡೆದ ಸ್ಟರ್ಲಿಂಗ್ ಸೌಂಡ್ ಸ್ಟುಡಿಯೋದ ಎಸ್‌ಎಸ್ ಗುರುತೂ ಇರುವ ಆ ಅಮೆರಿಕನ್ ಪ್ರತಿಯನ್ನು ಪುಣೆಯ ಸ್ನೇಹಿತರ ಮನೆಯಲ್ಲಿ ಕೇಳಿದ್ದೇನೆ. 2014ರಲ್ಲಿ ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ ಅವರೇ ಮುಂದೆ ನಿಂತು ಹೊರತಂದ ರೀಇಶ್ಯೂ ಅಚ್ಚುಕಟ್ಟಾಗಿದೆ, ಅದನ್ನು ದೂರುವಂತಿಲ್ಲ. ಆದರೆ ಲುಡ್ವಿಗ್ ಪ್ರತಿಯಲ್ಲಿ ಬಾನ್‌ಹಮ್ ಅವರ ಕಿಕ್ ಡ್ರಮ್ಮು ಎದೆಗೆ ಬಂದು ಬಡಿಯುತ್ತದೆ. ಅದು ಕೇಳಿದ ಮೇಲೆ ಉಳಿದ ಪ್ರತಿಗಳಲ್ಲಿ ಅದೇ ತಂಡ ಬಾಗಿಲ ಆಚೆ ನಿಂತು ನುಡಿಸುತ್ತಿದೆಯೇನೋ ಎನಿಸುತ್ತದೆ.

ಹೊಸೂರು (ಕೃಷ್ಣಗಿರಿ ಜಿಲ್ಲೆ)

ಸೊಲ್ಲಾಪುರದವರು ಕೊಟ್ಟ ಉದಾಹರಣೆ ಚೆನ್ನಾಗಿದೆ, ಆದರೆ ಅದು ಅವರ ವಾದದ ಅರ್ಧವನ್ನು ಮಾತ್ರ ಬೆಂಬಲಿಸುತ್ತದೆ. ಲುಡ್ವಿಗ್ ಅವರ ಆ ಕಟ್ ಬಹುಕಾಲ ಅಂಗಡಿಯಲ್ಲಿ ಉಳಿಯಲಿಲ್ಲ. ಅಟ್ಲಾಂಟಿಕ್ ಕಂಪನಿಯ ಅಹ್ಮೆಟ್ ಎರ್ಟೆಗನ್ ಅವರ ಮಗಳ ಅಗ್ಗದ ಪ್ಲೇಯರಿನಲ್ಲಿ ಸೂಜಿ ಹಾರಿತೆಂಬ ಕಾರಣದಿಂದ ಬೇಸ್ ತಗ್ಗಿಸಿ ಮತ್ತೆ ಕಟ್ ಮಾಡಿಸಿದರೆಂದು ಲುಡ್ವಿಗ್ ಅವರೇ ಹೇಳಿಕೊಂಡಿದ್ದಾರೆ. ಹಾಗಾಗಿ ಅದೇ ಕಾಲದ, ಅದೇ ಲೇಬಲ್ಲಿನ, ಅದೇ ಜಾಕೆಟ್ಟಿನ ಬಹುಸಂಖ್ಯೆಯ ಮೂಲ ಪ್ರತಿಗಳು ಬೇಸ್ ಕಳೆದುಕೊಂಡವುಗಳೇ. 60 ಮತ್ತು 70ರ ದಶಕದ ಕಂಪನಿಗಳು ಹೊರಡಿಸಿದ ರಾಕ್ ಎಲ್‌ಪಿಗಳಲ್ಲಿ ಈ ಭಯ ಸಾಮಾನ್ಯವಾಗಿತ್ತು. ಸಾಧಾರಣ ಮನೆಯ, ಸೆರಾಮಿಕ್ ಕಾರ್ಟ್ರಿಜ್ಜಿನ (ಸೂಜಿ ಕೂರುವ ಭಾಗದ) ಪ್ಲೇಯರು ಎಡವಬಾರದೆಂದು ಮಂದ್ರವನ್ನು ಕಡಿದು ಕಟ್ ಮಾಡುತ್ತಿದ್ದರು. ಇಂದಿನ ಎಂಜಿನಿಯರಿಗೆ ಆ ಕಟ್ಟುಪಾಡು ಇಲ್ಲ. ಟೇಪಿನಲ್ಲಿರುವ ಬೇಸನ್ನು ಇದ್ದಂತೆ ಪ್ಲೇಟಿಗೆ ಇಳಿಸಬಹುದು.

ಬದಿಯಡ್ಕದವರು ಗಮನಿಸಿದ ಬದಿಯ ಕೊನೆಯ ಹಾಡಿನ ತೊಂದರೆಗೆ ಕಾರಣ ಜ್ಯಾಮಿತಿಯಲ್ಲಿದೆ. ಪ್ಲೇಟು ನಿಮಿಷಕ್ಕೆ 33⅓ ಸುತ್ತು ಒಂದೇ ವೇಗದಲ್ಲಿ ತಿರುಗಿದರೂ ಸೂಜಿಯ ಕೆಳಗೆ ಹಾದುಹೋಗುವ ಗೆರೆಯ ಉದ್ದ ಒಂದೇ ಅಲ್ಲ. ಹೊರ ಅಂಚಿನಲ್ಲಿ, ಸುಮಾರು 146 ಮಿಲಿಮೀಟರ್ ತ್ರಿಜ್ಯದಲ್ಲಿ, ಸೆಕೆಂಡಿಗೆ ಹೆಚ್ಚುಕಡಿಮೆ 51 ಸೆಂಟಿಮೀಟರ್ ಗೆರೆ ಓಡುತ್ತದೆ. ಒಳಗೆ 60 ಮಿಲಿಮೀಟರಿಗೆ ಬಂದಾಗ ಅದು 21 ಸೆಂಟಿಮೀಟರಿಗೆ ಇಳಿಯುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕೂ ಕಡಿಮೆ ಜಾಗದಲ್ಲಿ ಬರೆಯಬೇಕಾಗುವುದರಿಂದ ತಾರದ ಅಲೆಗಳು ಇಕ್ಕಟ್ಟಾಗಿ, ದುಂಡು ತುದಿಯ ಸೂಜಿಗೆ ಆ ತಿರುವುಗಳನ್ನು ಪೂರ್ತಿ ಹಿಡಿಯಲಾಗುವುದಿಲ್ಲ. ಹಳೆಯ ಪ್ರತಿಯಾದರೆ ಇದರ ಮೇಲೆ ಸವೆತವೂ ಸೇರುತ್ತದೆ. ದೊಡ್ಡಪ್ಪನವರ ಕಾಲದಲ್ಲಿ ಆ ಪ್ಲೇಟು ನಾಲ್ಕೈದು ಗ್ರಾಂ ಭಾರದ ಸೆರಾಮಿಕ್ ಸೂಜಿಯಡಿ ಓಡಿದ್ದರೆ, ಮೊದಲು ಹಾಳಾಗಿರುವುದು ಈ ಒಳಗಿನ ಗೆರೆಗಳೇ. ಮೈಕ್ರೋಲೈನ್ ಅಥವಾ ಶಿಬಾಟಾ ತುದಿಯ ಸೂಜಿ ಹಾಕಿ ಕೇಳಿ ನೋಡಲು ಅವರಿಗೆ ನನ್ನ ಸಲಹೆ. ಆ ತುದಿ ಗೋಡೆಯನ್ನು ಉದ್ದಕ್ಕೆ ಮುಟ್ಟುವುದರಿಂದ, ಹಳೆಯ ಸೂಜಿ ಉಜ್ಜದೆ ಬಿಟ್ಟ ಭಾಗದಿಂದಲೂ ಶಬ್ದವನ್ನು ಎತ್ತಬಲ್ಲುದು.

ಇನ್ನು ಹೋಲಿಸುವ ಕ್ರಮದ ಬಗ್ಗೆ. ಎರಡು ಪ್ಲೇಟುಗಳು ಒಂದೇ ಮಟ್ಟದಲ್ಲಿ ಕಟ್ ಆಗಿರುವುದಿಲ್ಲ. ಒಂದು ಡೆಸಿಬೆಲ್ ಜೋರಾಗಿ ಕೇಳಿದ್ದನ್ನು ನಮ್ಮ ಕಿವಿ ಜೋರು ಎಂದು ಗುರುತಿಸದೆ ಉತ್ತಮ ಎಂದು ಗುರುತಿಸುತ್ತದೆ. ವಾಲ್ಯೂಮ್ ಗುಂಡಿಯನ್ನು ಅಂದಾಜಿನಲ್ಲಿ ತಿರುಗಿಸಿದರೆ ಸಾಲದು. ಎರಡೂ ಪ್ರತಿಗಳ ಅದೇ ಭಾಗವನ್ನು ಕಂಪ್ಯೂಟರಿಗೆ ರೆಕಾರ್ಡ್ ಮಾಡಿ, ಸರಾಸರಿ ಮಟ್ಟವನ್ನು ಸರಿದೂಗಿಸಿ, ಯಾವುದು ಯಾವುದೆಂದು ತಿಳಿಯದಂತೆ ಮನೆಯವರೊಬ್ಬರಿಂದ ಹಾಕಿಸಿ ಕೇಳುವುದು ಸರಿಯಾದ ದಾರಿ. 180 ಗ್ರಾಮಿನ ಪ್ಲೇಟು ದಪ್ಪವಾಗಿರುವುದರಿಂದ ಸೂಜಿಯನ್ನು ಹಿಡಿದ ಕೈತೋಳಿನ ಕೋನ ಕೆಟ್ಟು ಶಬ್ದ ಬದಲಾಗುತ್ತದೆಂದು ಕೆಲವರು ಆತಂಕಪಡುತ್ತಾರೆ. ಸುಮಾರು 230 ಮಿಲಿಮೀಟರ್ ಉದ್ದದ ತೋಳಿನಲ್ಲಿ ಒಂದು ಮಿಲಿಮೀಟರ್ ಎತ್ತರದ ವ್ಯತ್ಯಾಸ ಕಾಲು ಡಿಗ್ರಿಯಷ್ಟೇ ಆಗುತ್ತದೆ, ಅದಕ್ಕಾಗಿ ನಿದ್ದೆಗೆಡಬೇಕಿಲ್ಲ. ಪ್ಲೇಟಿನ ತೂಕ ಹೆಚ್ಚಾದ ಮಾತ್ರಕ್ಕೆ ಗೆರೆ ಆಳವಾಗುವುದೂ ಇಲ್ಲ.

ಮಂಜೇಶ್ವರ

ನನ್ನದೊಂದು ಸಣ್ಣ ಪ್ರಶ್ನೆ. ಆನ್‌ಲೈನ್ ಮಾರಾಟಗಾರರೊಬ್ಬರು ಬ್ರಿಟನ್ನಿನ ಮೊದಲ ಪ್ರೆಸ್ಸಿಂಗ್ ಎಂದು ಹೇಳಿ ಒಂದು ಬೀಟಲ್ಸ್ ಪ್ಲೇಟು ಕಳುಹಿಸಿದರು. ತೆರೆದು ನೋಡಿದಾಗ ಜಾಕೆಟ್ಟು ಹಳೆಯದು, ಒಳಗಿನ ಪ್ಲೇಟು ಬಹಳ ತಡವಾಗಿ ಒತ್ತಿದ್ದು ಎಂದು ತಿಳಿದವರೊಬ್ಬರು ಹೇಳಿದರು. ಹಣ ವಾಪಸು ಬರಲಿಲ್ಲ. ಇದನ್ನು ಕೊಳ್ಳುವ ಮೊದಲೇ ಗುರುತಿಸುವುದು ಹೇಗೆ? ಜೊತೆಗೆ, ಮಳೆಗಾಲದಲ್ಲಿ ನಮ್ಮ ಕಡೆ ಪ್ಲೇಟುಗಳಿಗೆ ಹಿಡಿಯುವ ಬೂಸಲಿನಿಂದ ಶಬ್ದ ಶಾಶ್ವತವಾಗಿ ಕೆಡುತ್ತದೆಯೇ?

ಬದಿಯಡ್ಕ (ಕಾಸರಗೋಡು)

ಮಂಜೇಶ್ವರದವರ ನಷ್ಟವನ್ನು ಓದಿ ಬೇಸರವಾಯಿತು. ಈ ಮೋಸ ಈಗೀಗ ಹೆಚ್ಚುತ್ತಿದೆ. ಮಾರಾಟಗಾರರಿಂದ ಲೇಬಲ್ಲಿನ ಚಿತ್ರದ ಜೊತೆಗೆ ಖಾಲಿ ಪಟ್ಟಿಯ ಚಿತ್ರವನ್ನೂ ತರಿಸಿಕೊಳ್ಳಲೇಬೇಕು. ಕೊಡಲು ಹಿಂಜರಿದರೆ ಅಲ್ಲಿಗೆ ಕೈಬಿಡುವುದು ಒಳ್ಳೆಯದು. ಬೀಟಲ್ಸ್ ಎಲ್‌ಪಿಗಳನ್ನು ಹೊರತಂದ ಇಎಂಐ ಕಂಪನಿಯ ಬ್ರಿಟಿಷ್ ಪ್ಲೇಟುಗಳಲ್ಲಿ ಮೂರು ಗುರುತುಗಳಿರುತ್ತವೆ. ಮ್ಯಾಟ್ರಿಕ್ಸ್ ಸಂಖ್ಯೆ ಗಡಿಯಾರದ ಆರು ಗಂಟೆಯ ಜಾಗದಲ್ಲಿರುತ್ತದೆ. ಅದರ ಕೊನೆಯಲ್ಲಿ ಅಡ್ಡಗೆರೆ ಹಾಕಿ ಬರೆದ ಅಂಕೆ ಎಷ್ಟನೆಯ ಕಟ್ ಎಂಬುದನ್ನು ಹೇಳುತ್ತದೆ. ಒಂಬತ್ತು ಗಂಟೆಯ ಜಾಗದಲ್ಲಿರುವ ಅಂಕೆ ಮದರ್ ಎಂದು ಕರೆಯುವ ಲೋಹದ ಪ್ರತಿಯದು. ಮೂರು ಗಂಟೆಯ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಿರುತ್ತವೆ, ಅವು ಸ್ಟ್ಯಾಂಪರಿನ (ಪ್ಲೇಟು ಒತ್ತುವ ಅಚ್ಚಿನ) ಸಂಖ್ಯೆ. ಅದನ್ನು ಓದುವ ಕೀಲಿ ಗ್ರಾಮೋಫ್‌ ಎಲ್‌ಟಿಡಿ ಎಂಬ ಹತ್ತು ಇಂಗ್ಲಿಷ್ ಅಕ್ಷರಗಳ ಸಾಲು: ಜಿ ಒಂದು, ಆರ್ ಎರಡು, ಎ ಮೂರು, ಎಂ ನಾಲ್ಕು, ಒ ಐದು, ಪಿ ಆರು, ಎಚ್ ಏಳು, ಎಲ್ ಎಂಟು, ಟಿ ಒಂಬತ್ತು, ಡಿ ಸೊನ್ನೆ. ಜಿಡಿ ಎಂದಿದ್ದರೆ ಹತ್ತನೆಯ ಸ್ಟ್ಯಾಂಪರು ಎಂದಾಯಿತು.

ಈ ಮೂರು ಗುರುತುಗಳು ಯಾಕಿವೆ ಎಂದು ತಿಳಿಯಲು ಪ್ಲೇಟು ತಯಾರಾಗುವ ಸರಣಿಯನ್ನು ನೆನಪಿಸಿಕೊಳ್ಳಬೇಕು. ಲ್ಯಾಕರ್ ಬಳಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಗೆರೆ ಕೊರೆಯುತ್ತಾರೆ. ಅದರ ಮೇಲೆ ಬೆಳ್ಳಿ ಸಿಂಪಡಿಸಿ ನಿಕಲ್ ಲೇಪಿಸಿ ಬಿಡಿಸಿದರೆ ಫಾದರ್, ಅದರಿಂದ ಮದರ್, ಮದರಿನಿಂದ ಸ್ಟ್ಯಾಂಪರ್. ಸ್ಟ್ಯಾಂಪರು ಬಿಸಿ ವಿನೈಲನ್ನು ಒತ್ತುತ್ತ ಒತ್ತುತ್ತ ಅಂಚು ಕಳೆದುಕೊಳ್ಳುತ್ತದೆ. ಅದರ ಜೀವನದ ಕೊನೆಗೆ ಒತ್ತಿದ ಮೂಲ ಪ್ರತಿ, ಒಳ್ಳೆಯ ರೀಇಶ್ಯೂ ಮುಂದೆ ಮಸುಕಾಗಿ ಕೇಳಿದರೆ ಆಶ್ಚರ್ಯವಿಲ್ಲ. ಕಟ್ಟಿನ ಅಂಕೆಯಂತೂ ಕೆಲವು ಸಲ ಇಡೀ ಪ್ಲೇಟಿನ ಸ್ವಭಾವವನ್ನೇ ಬದಲಿಸುತ್ತದೆ. ಬೀಟಲ್ಸರ 1965ರ ‘ರಬ್ಬರ್ ಸೋಲ್’ ಮೋನೋ ಪ್ರತಿಯ ಅಡ್ಡಗೆರೆ ಒಂದು ಎಂಬ ಮೊದಲ ಕಟ್ ಎಷ್ಟು ಜೋರಾಗಿತ್ತೆಂದರೆ ಅದನ್ನು ಬೇಗನೆ ಹಿಂತೆಗೆದು ಮತ್ತೆ ಕಟ್ ಮಾಡಿದರು. ಲೌಡ್ ಕಟ್ ಎಂಬ ಹೆಸರಿನಿಂದ ಇಂದು ಸಂಗ್ರಾಹಕರು ಹುಡುಕುವುದು ಅದನ್ನೇ.

ಬೂಸಲಿನ ವಿಷಯ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಇದು ಎಲ್ಲರ ಪಾಡು. ಬೂಸಲು ಮುಖ್ಯವಾಗಿ ತಿನ್ನುವುದು ಕಾಗದದ ಒಳಚೀಲವನ್ನೂ ನಮ್ಮ ಬೆರಳಿನ ಜಿಡ್ಡನ್ನೂ. ಬೇಗ ತೊಳೆದರೆ ಪ್ಲೇಟು ಬಹುಮಟ್ಟಿಗೆ ಉಳಿಯುತ್ತದೆ. ವರ್ಷಗಟ್ಟಲೆ ಬಿಟ್ಟರೆ ಗೆರೆಯಲ್ಲಿ ಚಟಪಟ ಉಳಿದುಕೊಳ್ಳುತ್ತದೆ. ಡಿಸ್ಟಿಲ್ಡ್ ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್, ಒಂದೆರಡು ಹನಿ ಸುವಾಸನೆಯಿಲ್ಲದ ಸಾಬೂನು ದ್ರಾವಣ ಬೆರೆಸಿ ಮೆತ್ತನೆಯ ಬ್ರಷ್ಷಿನಿಂದ ಗೆರೆಯ ದಿಕ್ಕಿನಲ್ಲೇ ಉಜ್ಜಿ, ಮತ್ತೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯಬೇಕು. 78ರ ಅರಗಿನ ಪ್ಲೇಟುಗಳಿಗೆ ಮಾತ್ರ ಆಲ್ಕೋಹಾಲ್ ತಾಗಿಸಲೇಬಾರದು, ಅರಗು ಕರಗುತ್ತದೆ. ಹಳೆಯ ಕಾಗದದ ಚೀಲವನ್ನು ಎಸೆಯದೆ ಬೇರೆಯಾಗಿಟ್ಟು ಹೊಸ ಪಾಲಿಥೀನ್ ಚೀಲ ಹಾಕಿ. ಕೆಂಪುಕಲ್ಲಿನ ಗೋಡೆಗೆ ತಾಗಿಸಿ ಕಪಾಟು ಇಡಬೇಡಿ. ಹೋಲಿಕೆಯ ಚರ್ಚೆಗೂ ಇದಕ್ಕೂ ನೇರ ಸಂಬಂಧವಿದೆ: ತೊಳೆಯದ ಮೂಲ ಪ್ರತಿಯನ್ನು ಹೊಸ ರೀಇಶ್ಯೂ ಎದುರು ಇಟ್ಟು ಕೊಟ್ಟ ತೀರ್ಪು ಕೊಳೆಯ ಬಗ್ಗೆ ಕೊಟ್ಟ ತೀರ್ಪು ಮಾತ್ರ.

ಆದೋನಿ (ಕರ್ನೂಲು ಜಿಲ್ಲೆ)

ಇಷ್ಟು ಹೊತ್ತು ಯಾರೂ ಡಿಜಿಟಲ್ ಎಂಬ ಮಾತನ್ನು ನೇರವಾಗಿ ಎತ್ತಲಿಲ್ಲ. ರೀಇಶ್ಯೂಗಳನ್ನು ತಳ್ಳಿಹಾಕುವವರ ಮುಖ್ಯ ಆರೋಪವೇ ಅವು ಡಿಜಿಟಲ್ ಫೈಲಿನಿಂದ ಕಟ್ ಆದವು ಎಂಬುದು. 2022ರಲ್ಲಿ ನಡೆದದ್ದನ್ನು ನೆನಪಿಸುತ್ತೇನೆ. ಮೂಲ ಟೇಪಿನಿಂದಲೇ ಕಟ್ ಮಾಡುವುದಾಗಿ ಜನ ನಂಬಿದ್ದ, ಬೆಲೆಯೂ ದುಬಾರಿಯಾದ ಮೊಬೈಲ್ ಫಿಡೆಲಿಟಿ ಕಂಪನಿಯ ಪ್ಲೇಟುಗಳಲ್ಲಿ 2011ರಿಂದಲೇ ಅನೇಕವು ಡಿಎಸ್‌ಡಿ ಎಂಬ ಡಿಜಿಟಲ್ ಹಂತವನ್ನು ದಾಟಿ ಬಂದಿದ್ದವೆಂದು ಕಂಪನಿಯ ಎಂಜಿನಿಯರರೇ ಒಪ್ಪಿಕೊಂಡರು. ಗ್ರಾಹಕರಿಗೆ ಹೇಳದೆ ಮುಚ್ಚಿಟ್ಟದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ವರ್ಷ ಅದೇ ಪ್ಲೇಟುಗಳನ್ನು ಕೇಳಿ, ಅನಲಾಗಿನ (ಡಿಜಿಟಲ್ ಹಂತವಿಲ್ಲದ ಶಬ್ದದ) ಜೀವಂತಿಕೆಗೆ ಮಾದರಿ ಎಂದು ಹೊಗಳಿದ ಅನುಭವಿ ಕಿವಿಗಳು ಆ ಹಂತವನ್ನು ಗುರುತಿಸಲಿಲ್ಲ ಎಂಬುದನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕಲ್ಲವೇ?

ಮತ್ತೊಂದು ಸಂಗತಿ. 70ರ ದಶಕದ ಕೊನೆಯಿಂದ ಎಷ್ಟೋ ಕಟಿಂಗ್ ಕೊಠಡಿಗಳಲ್ಲಿ ಡಿಜಿಟಲ್ ಡಿಲೇ ಎಂಬ ಯಂತ್ರ ಬಂತು. ಮುಂದೆ ಬರುವ ಜೋರಾದ ಭಾಗಕ್ಕೆ ಗೆರೆಗಳ ನಡುವೆ ಜಾಗ ಬಿಡಲು ಲೇತಿಗೆ (ಗೆರೆ ಕೊರೆಯುವ ಯಂತ್ರಕ್ಕೆ) ಮುನ್ಸೂಚನೆ ಬೇಕು. ಮೊದಲು ಅದಕ್ಕಾಗಿ ಟೇಪು ಯಂತ್ರದಲ್ಲೇ ಶಬ್ದವನ್ನು ಮುಂಚಿತವಾಗಿ ಓದುವ ಇನ್ನೊಂದು ಹೆಡ್ ಇರುತ್ತಿತ್ತು. ಡಿಲೇ ಬಂದ ಮೇಲೆ ಟೇಪಿನ ಶಬ್ದ ನೇರವಾಗಿ ಲೇತಿನ ಲೆಕ್ಕಕ್ಕೆ ಹೋಗಿ, ಡಿಜಿಟಲ್ ಆಗಿ ತಡವಾದ ಶಬ್ದ ಗೆರೆಗೆ ಹೋಯಿತು. 80ರ ದಶಕದ ಮೂಲ ಪ್ರೆಸ್ಸಿಂಗನ್ನು ಶುದ್ಧ ಅನಲಾಗ್ ಎಂದು ಪೂಜಿಸುವವರು ಇದನ್ನು ಮರೆಯಬಾರದು. ಡೈರ್ ಸ್ಟ್ರೇಟ್ಸ್ ತಂಡದ 1985ರ ‘ಬ್ರದರ್ಸ್ ಇನ್ ಆರ್ಮ್ಸ್’ ಅಂತೂ ಧ್ವನಿಮುದ್ರಣವಾದದ್ದೇ ಡಿಜಿಟಲ್ ಯಂತ್ರದಲ್ಲಿ. ಒಂದೇ ಎಲ್‌ಪಿಯಲ್ಲಿ ಹಿಡಿಸಲು ಅದರ ಹಲವು ಹಾಡುಗಳನ್ನು ಮೂಲ ಪ್ಲೇಟಿನಲ್ಲಿ ಮೊಟಕು ಮಾಡಿದ್ದರು. ಸಿಡಿಯಲ್ಲಿದ್ದ ಪೂರ್ತಿ ಉದ್ದ ಪ್ಲೇಟಿನಲ್ಲಿ ಇರಲಿಲ್ಲ. ನಂತರದ ಎರಡು ಪ್ಲೇಟಿನ ರೀಇಶ್ಯೂಗಳಲ್ಲಿ ಹಾಡುಗಳು ಪೂರ್ಣವಾಗಿವೆ, ಗೆರೆಗಳಿಗೆ ಉಸಿರಾಡಲು ಜಾಗವೂ ಇದೆ. ಈ ಒಂದು ಎಲ್‌ಪಿಯಲ್ಲಿ ಮೂಲವನ್ನು ಕೊಳ್ಳಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಸೊಲ್ಲಾಪುರ

ಆದೋನಿಯವರ ಕೊನೆಯ ಉದಾಹರಣೆಯನ್ನು ಒಪ್ಪುತ್ತೇನೆ. 80ರ ದಶಕದ ನಡುವಿನಿಂದ ಈಚೆಗೆ ಬಂದ ರಾಕ್ ಎಲ್‌ಪಿಗಳಲ್ಲಿ ಮೂಲ ಎಂಬ ಮಾತಿಗೆ ಹಿಂದಿನ ತೂಕವಿಲ್ಲ. ಆದರೆ ಇನ್ನೊಂದು ಗೊಂದಲವನ್ನು ಬಿಡಿಸಬೇಕು. ರೀಮಾಸ್ಟರ್ ಬೇರೆ, ರೀಮಿಕ್ಸ್ ಬೇರೆ. ರೀಮಾಸ್ಟರಿನಲ್ಲಿ ಅಂದಿನ ಎರಡು ಚಾನೆಲ್ಲಿನ ಮಿಕ್ಸ್ ಹಾಗೆಯೇ ಉಳಿದು, ಸಮತೋಲ ಮತ್ತು ಮಟ್ಟ ಮಾತ್ರ ಬದಲಾಗುತ್ತದೆ. ರೀಮಿಕ್ಸಿನಲ್ಲಿ ಒಂದೊಂದು ವಾದ್ಯವನ್ನೂ ಮತ್ತೆ ಎತ್ತಿ ಬೇರೆ ಜಾಗದಲ್ಲಿಡುತ್ತಾರೆ. ಜೆತ್ರೊ ಟಲ್ ತಂಡದ 1971ರ ‘ಆಕ್ವಲಂಗ್’ ಮೂಲದಲ್ಲಿ ಮಂಕಾಗಿ, ಮುಸುಕು ಹಾಕಿದಂತೆ ಕೇಳುತ್ತದೆಂಬ ದೂರು ಹಳೆಯದು. 2011ರಲ್ಲಿ ಸ್ಟೀವನ್ ವಿಲ್ಸನ್ ಮಲ್ಟಿಟ್ರ್ಯಾಕಿನಿಂದಲೇ ಹೊಸ ಮಿಕ್ಸ್ ಮಾಡಿದಾಗ ಆ ಮುಸುಕು ಸರಿಯಿತು. ನಾನೇ ಮೆಚ್ಚಿ ಕೇಳುತ್ತೇನೆ. ಆದರೆ ಅದನ್ನು ಮೂಲ ಪ್ಲೇಟಿನ ಜೊತೆ ಹೋಲಿಸಿ ರೀಇಶ್ಯೂ ಗೆದ್ದಿತೆಂದರೆ ಅದು ಸರಿಯಾದ ಹೋಲಿಕೆಯಲ್ಲ. ಅಲ್ಲಿ ನಾವು ಎರಡು ಬೇರೆ ಕೃತಿಗಳನ್ನೇ ಕೇಳುತ್ತಿದ್ದೇವೆ. ಬದಿಯಡ್ಕದವರ ಹೋಲಿಕೆಯಲ್ಲಿ ಗೈಲ್ಸ್ ಮಾರ್ಟಿನ್ ಪ್ರತಿಯನ್ನೂ ಇದೇ ಕಾರಣಕ್ಕೆ ಬದಿಗಿಡಬೇಕೆಂದು ನನ್ನ ವಿನಂತಿ.

ಅನಲಾಗ್ ಸರಪಳಿಯನ್ನು ಕೊನೆಯವರೆಗೂ ಉಳಿಸಿಕೊಂಡ ರೀಇಶ್ಯೂಗಳೂ ಇವೆ ಎಂಬುದನ್ನು ಮೂಲ ಪ್ರತಿಗಳ ಪಕ್ಷಪಾತಿಯಾದ ನಾನೇ ಹೇಳಬೇಕು. 2014ರ ಬೀಟಲ್ಸ್ ಮೋನೋ ಪ್ಲೇಟುಗಳನ್ನು ಶಾನ್ ಮಗೀ ಮತ್ತು ಸ್ಟೀವ್ ಬರ್ಕೊವಿಟ್ಜ್ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಮೂಲ ಟೇಪುಗಳಿಂದ, ನಡುವೆ ಡಿಜಿಟಲ್ ಹಂತವಿಲ್ಲದೆ ಕಟ್ ಮಾಡಿದರು. ಸವೆದ 60ರ ದಶಕದ ಮೋನೋ ಪ್ರತಿಗಾಗಿ ಅಲೆಯುವವರಿಗೆ ನಾನು ಇವನ್ನೇ ಸೂಚಿಸುತ್ತೇನೆ.

ಹೊಸೂರು (ಕೃಷ್ಣಗಿರಿ ಜಿಲ್ಲೆ)

ಒಂದು ಎಚ್ಚರಿಕೆಯನ್ನು ಸೇರಿಸಬೇಕೆನಿಸಿತು. ಪ್ಲೇಟಿನಿಂದ ರೆಕಾರ್ಡ್ ಮಾಡಿ ಡೈನಮಿಕ್ ರೇಂಜ್ (ಮೆಲ್ಲಗಿನ ಮತ್ತು ಜೋರಾದ ಶಬ್ದಗಳ ಅಂತರ) ಅಂಕೆ ತೆಗೆದು, ಸಿಡಿಗೆ 6 ಬಂದಿದೆ ಎಲ್‌ಪಿಗೆ 11 ಬಂದಿದೆ, ಆದ್ದರಿಂದ ಎಲ್‌ಪಿಗೆ ಬೇರೆ ಮಾಸ್ಟರಿಂಗ್ ಆಗಿದೆ ಎಂದು ವಾದಿಸುವುದು ಈಗ ವಾಡಿಕೆಯಾಗಿದೆ. ಏರಿಳಿತವನ್ನು ಒತ್ತಿಹಿಡಿದ ಅದೇ ಮಾಸ್ಟರನ್ನು ಪ್ಲೇಟಿಗೆ ಇಳಿಸಿ ಮತ್ತೆ ಎತ್ತಿದಾಗಲೂ ಅಂಕೆ ಏರುತ್ತದೆ. ಕಟಿಂಗಿನ ಫಿಲ್ಟರುಗಳು ಮತ್ತು ಸೂಜಿಯ ವರ್ತನೆಯಿಂದ ಅಲೆಗಳ ತುದಿಗಳು ಸ್ಥಾನ ಬದಲಿಸಿ ಎತ್ತರವಾಗುತ್ತವೆ, ಸಂಗೀತದಲ್ಲಿ ಕಳೆದುಹೋದ ಏರಿಳಿತ ಮಾತ್ರ ಮರಳಿರುವುದಿಲ್ಲ. 90ರ ದಶಕದ ನಂತರ ಜೋರುಗೊಳಿಸುವ ಪೈಪೋಟಿಯಲ್ಲಿ ತಯಾರಾದ ಎಲ್‌ಪಿಗಳ ರೀಇಶ್ಯೂ ಕೊಳ್ಳುವಾಗ ಅಂಕೆಗಿಂತ ಕಟ್ ಮಾಡಿದವರ ಹೆಸರನ್ನು ನೋಡಿ. ರೆಡ್ ಹಾಟ್ ಚಿಲಿ ಪೆಪರ್ಸ್ ತಂಡದ 1999ರ ‘ಕ್ಯಾಲಿಫೋರ್ನಿಕೇಶನ್’ ಸಿಡಿಯಲ್ಲಿ ಕಿವಿ ದಣಿಯುವಷ್ಟು ಒಡೆದು ಕೇಳುತ್ತಿತ್ತು; 2012ರಲ್ಲಿ ಕ್ರಿಸ್ ಬೆಲ್‌ಮನ್ ಹೊಸದಾಗಿ ಕಟ್ ಮಾಡಿದ ಎಲ್‌ಪಿಯಲ್ಲಿ ಅದೇ ಗಿಟಾರಿಗೆ ಸುತ್ತಲೂ ಜಾಗ ಸಿಕ್ಕಿದೆ.

ತಾಳವಾಡಿ (ಈರೋಡು ಜಿಲ್ಲೆ)

ಚರ್ಚೆಯಿಂದ ಬಹಳ ಕಲಿತೆ. ನಾನು ಈಗಷ್ಟೇ ಟರ್ನ್‌ಟೇಬಲ್ ಕೊಂಡವನು. ಪಿಂಕ್ ಫ್ಲಾಯ್ಡ್ ತಂಡದ ‘ಡಾರ್ಕ್ ಸೈಡ್ ಆಫ್ ದ ಮೂನ್’ ಒಂದೇ ಒಂದು ಪ್ರತಿ ಕೊಳ್ಳುವುದಾದರೆ ಯಾವುದನ್ನು ಕೊಳ್ಳಲಿ?

ಬದಿಯಡ್ಕ (ಕಾಸರಗೋಡು)

ತಾಳವಾಡಿಯವರಿಗೆ. 1973ರ ಬ್ರಿಟಿಷ್ ಮೊದಲ ಪ್ರತಿಯ ಲೇಬಲ್ಲಿನಲ್ಲಿ ಒಳಗೆಲ್ಲ ನೀಲಿ ತುಂಬಿದ ತ್ರಿಕೋನವಿರುತ್ತದೆ, ಮ್ಯಾಟ್ರಿಕ್ಸ್ ಎ-2, ಬಿ-2. ಇಎಂಐಯ ಹ್ಯಾರಿ ಮಾಸ್ ಅವರ ಕಟ್. ಅದರ ಹೃದಯಬಡಿತದ ಆರಂಭವೂ ಗಡಿಯಾರಗಳ ಸದ್ದೂ ಒಳ್ಳೆಯ ಪ್ರತಿಯಲ್ಲಿ ಅಪೂರ್ವವಾಗಿ ಕೇಳುತ್ತವೆ, ಆದರೆ ಒಳ್ಳೆಯ ಪ್ರತಿ ಸಿಗುವುದು ದುರ್ಲಭ. ಈ ಎಲ್‌ಪಿಯಲ್ಲಿ ಬಹಳ ಮೆಲ್ಲಗಿನ ಭಾಗಗಳು ಹೆಚ್ಚಾಗಿರುವುದರಿಂದ ಒಂದು ಸಣ್ಣ ಗೀರು ಕೂಡ ಎದ್ದು ಕೇಳುತ್ತದೆ. ಡಂಡಂ ಪ್ರತಿಯನ್ನು ಉಳಿದ ಎಷ್ಟೋ ಎಲ್‌ಪಿಗಳಿಗೆ ಮನಸಾರೆ ಶಿಫಾರಸು ಮಾಡುವ ನಾನು ಇಲ್ಲಿ ಮಾತ್ರ ಹಿಂಜರಿಯುತ್ತೇನೆ. ಭಾರತದ ಪ್ಲೇಟುಗಳ ವಿನೈಲಿನಲ್ಲಿ ಸದ್ದು ಹೆಚ್ಚು. ಗಿಟಾರು ಮತ್ತು ಡ್ರಮ್ಮು ತುಂಬಿದ ಹಾಡಿನಲ್ಲಿ ಅದು ಅಡಗುತ್ತದೆ, ಇಲ್ಲಿನ ಮೌನಗಳಲ್ಲಿ ಅಡಗುವುದಿಲ್ಲ.

ರೀಇಶ್ಯೂಗಳಲ್ಲಿ ಎರಡನ್ನು ಪರಿಗಣಿಸಿ. 2003ರಲ್ಲಿ 30ನೆಯ ವರ್ಷದ ನೆನಪಿಗೆ ಬಂದದ್ದನ್ನು ಡಗ್ ಸ್ಯಾಕ್ಸ್ ಮತ್ತು ಕೆವಿನ್ ಗ್ರೇ ಕಟ್ ಮಾಡಿದರು. ಅದರ ಬೇಸ್ ಆಳವಾಗಿದೆ, ಹಿನ್ನೆಲೆ ಶಾಂತವಾಗಿದೆ, ಆದರೆ ಈಗ ಅದೂ ಹಳೆಯ ಪ್ಲೇಟುಗಳ ಬೆಲೆಗೆ ಏರಿದೆ. 2016ರದ್ದು ಜೇಮ್ಸ್ ಗತ್ರಿ, ಜೋಯೆಲ್ ಪ್ಲಾಂಟ್ ಮತ್ತು ಬರ್ನಿ ಗ್ರುಂಡ್‌ಮನ್ ಅವರ ಕೆಲಸ, ಸುಲಭವಾಗಿ ಸಿಗುತ್ತದೆ. ಮೊದಲ ಬಾರಿ ಕೊಳ್ಳುವವರು ಇದನ್ನೇ ತೆಗೆದುಕೊಳ್ಳಲಿ ಎಂಬುದು ನನ್ನ ಸಲಹೆ. ಬಂದ ಕೂಡಲೇ ಎರಡೂ ಬದಿಯನ್ನು ಪೂರ್ತಿ ಕೇಳಿ ನೋಡಿ. ಹೊಸ ಪ್ಲೇಟುಗಳಲ್ಲಿ ನಡುವಿನ ರಂಧ್ರ ಸರಿಯುವುದು, ವಿನೈಲು ತುಂಬದೆ ಗೆರೆ ಹರಿದಂತೆ ಕೇಳುವುದು, ಬಾಗಿರುವುದು ಅಪರೂಪವಲ್ಲ. ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಪರೀಕ್ಷಿಸಿ. ಮೊದಲ ಬದಿಯ ಕೊನೆಗೆ ಬರುವ ಪದಗಳಿಲ್ಲದ ಆ ಗಾಯನದಲ್ಲಿ, ಸ್ವರ ಅತಿ ಎತ್ತರಕ್ಕೆ ಏರಿದಲ್ಲಿ ಕರ್ಕಶವಾಗಿ ಒಡೆದರೆ ತಪ್ಪನ್ನು ಪ್ಲೇಟಿನ ಮೇಲೆ ಹೊರಿಸುವ ಮುನ್ನ ಕಾರ್ಟ್ರಿಜ್ಜಿನ ಜೋಡಣೆಯನ್ನೂ ಸೂಜಿಯ ಭಾರವನ್ನೂ ಒಮ್ಮೆ ಅಳೆಯಿರಿ. ಸೊಲ್ಲಾಪುರದವರ ವಿನಂತಿಯಂತೆ ನನ್ನ ಹೋಲಿಕೆಯಿಂದ 2019ರ ರೀಮಿಕ್ಸನ್ನು ತೆಗೆಯುತ್ತೇನೆ. ಹೊಸೂರಿನವರು ಹೇಳಿದ ಮೈಕ್ರೋಲೈನ್ ಸೂಜಿ ತರಿಸಿದ್ದೇನೆ. ಡಂಡಂ ಪ್ರತಿಯ ಆ ಕೊನೆಯ ಹಾಡನ್ನು ಮಟ್ಟ ಸರಿದೂಗಿಸಿ ರೆಕಾರ್ಡ್ ಮಾಡಿ, 2012ರ ಪ್ರತಿಯದರ ಜೊತೆಗೆ ಹೆಸರು ಹಾಕದೆ ಇಲ್ಲಿ ಸೇರಿಸುತ್ತೇನೆ. ಕೇಳಿದವರು ನಿಮ್ಮ ನಿಮ್ಮ ಅಭಿಪ್ರಾಯವನ್ನು ಕಾರಣಸಹಿತ ಬರೆಯಬೇಕಾಗಿ ಕೋರುತ್ತೇನೆ.